ಕೈಯ ಅಭ್ಯಾಸವು ಊರಿನಲ್ಲಿಯೇ ನಡೆಯಲಿ

ಸೆರೆಬ್ರಲ್ ಪಾಲ್ಸಿಯಿಂದ ಮಗುವಿನ ಕೈ ಬಿಗಿದುಕೊಂಡಿರುವಾಗ ಮೂಲ ಊನವು ಆ ಕೈಯನ್ನು ಆಳತಕ್ಕ ಮಿದುಳಿನಲ್ಲಿದೆಯೆಂಬ ಸಂಗತಿ ವೈದ್ಯಲೋಕಕ್ಕೆ ಬಹು ಹಳತಾದರೂ, ಎಣ್ಣೆ ತಿಕ್ಕಿ, ಎಳೆದು, ನೀವಿ ಅದನ್ನು ಸರಿಪಡಿಸಬಹುದೆಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಪ್ರಬಲವಾಗಿಯೇ ಉಳಿದಿದೆ. ಆ ಶ್ರಮದ ಹಿಂದಿರುವ ಮಾತೃವಾತ್ಸಲ್ಯಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಅನ್ಯರು ಎಳೆದಾಡಿದ ಮಾತ್ರದಿಂದ ಕೈ ಕೆಲಸ ಕಲಿಯಲಾರದು, ಮಗು ತಾನೇ ಬಯಸಿ, ತಾನೇ ಪ್ರಯತ್ನಿಸಿ, ನೂರು ಸಲ ಎಡವಿ ಮಾಡಿದಾಗಲೇ ಮಿದುಳು ಹೊಸ ಹಾದಿಯನ್ನು ಹಿಡಿಯುವುದು.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಅವರು, ಸಂವೇದನೆ ಕಳೆದುಕೊಂಡ ಕೈಯನ್ನು ಕೋತಿಗಳು ಬಳಸದೆ ಬಿಡುವುದಕ್ಕೆ ಅಶಕ್ತಿಯೊಂದೇ ಕಾರಣವಲ್ಲವೆಂದೂ, ಸೋತು ಸೋತು ಅವು ಬಳಸದಿರುವುದನ್ನೇ ಕಲಿತಿರುವುವೆಂದೂ ಕಂಡುಕೊಂಡರು. ಸ್ವಸ್ಥವಾದ ಕೈಯನ್ನು ಕೆಲಕಾಲ ಚೀಲದಲ್ಲಿಯೋ ಜೋಲಿಯಲ್ಲಿಯೋ ತಡೆದಿರಿಸಿ, ದುರ್ಬಲವಾದುದಕ್ಕೆ ಆಟದ ಮೂಲಕ ದುಡಿಮೆ ಕಲಿಸುವ ಚಿಕಿತ್ಸೆಯು ಆ ಅರಿವಿನಿಂದ ಹುಟ್ಟಿತು. ಎರಡೂ ಕೈಗಳನ್ನು ಕೂಡಿಸಿ ದುಡಿಸುವ ಮತ್ತೊಂದು ಕ್ರಮವೂ ಉಂಟು. ಸಾಧನೆಯ ಗಂಟೆಗಳು ಸಮನಾಗಿದ್ದರೆ ಇವೆರಡರ ಫಲವೂ ಹೆಚ್ಚುಕಡಿಮೆ ಸಮನೆಂದು ಸಂಶೋಧಕರು ಕಂಡಿದ್ದಾರೆ. ಒಂದು ಪಾರ್ಶ್ವ ಮಾತ್ರ ಕುಂದಿದ ಮಕ್ಕಳಲ್ಲಿ ಗಣನೀಯ ಸುಧಾರಣೆಗೆ ಒಟ್ಟು 30ರಿಂದ 40 ಗಂಟೆಗಳ ಅಭ್ಯಾಸವಾದರೂ ಬೇಕೆನ್ನುತ್ತಾರೆ. ನಾಲ್ಕೂ ಅವಯವಗಳು ಬಿಗಿದ ಮಗುವಿನ ಮಾತು ಬೇರೆ; ಅದಕ್ಕೆ ಬೇರೆಯೇ ಆರೈಕೆ ಬೇಕು.

ಇಷ್ಟು ಗಂಟೆಗಳು ಯರಗುಪ್ಪಿಯಂಥ ಹಳ್ಳಿಯ ಕೂಲಿಕಾರ ಕುಟುಂಬಕ್ಕೆ ಎಲ್ಲಿಂದ ಬಂದಾವು? ಹತ್ತಿ ಬಿಡಿಸುವ ದಿನಗಳಲ್ಲಿ ಪಗಾರ ಬಿಟ್ಟು, ಮಗುವನ್ನೆತ್ತಿಕೊಂಡು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ವಾರವಾರವೂ ಹೋಗಿ ಬರುವುದು ತಾಯಿಗೆ ಶಕ್ಯವಲ್ಲ. ಆದರೆ ಮನೆಯೊಳಗೇ ಎಷ್ಟು ಸಾಧನೆಯಿದೆ! ಶೇಂಗಾ ಸುಲಿಯಲು ಎರಡು ಕೈ ಬೇಕು. ರೊಟ್ಟಿ ಬಡಿಯಲು, ಅಂಗಿಯ ಗುಂಡಿ ಹಾಕಲು, ಬತ್ತಿ ಹೊಸೆಯಲು ಎರಡು ಕೈ ಬೇಕು. ಬಲಪಾರ್ಶ್ವ ಕುಂದಿದ ಮಗು ಎಡಗೈಯಿಂದ ತುತ್ತೆತ್ತಿದೊಡನೆ ಹಿರಿಯರು ಗದರುವರು. ಗದರಿಕೆಯಿಂದ ಬಲಗೈಗೆ ಬಲ ಬಾರದು, ಉಣ್ಣುವುದರ ಮೇಲೆಯೇ ಮಗುವಿಗೆ ಅಂಜಿಕೆ ಹುಟ್ಟೀತು. ಎಡಗೈಯಲ್ಲಿ ಉಣ್ಣಗೊಟ್ಟು, ತಾಟನ್ನು ಒತ್ತಿ ಹಿಡಿಯುವ ಹೊಣೆಯನ್ನು ಬಲಗೈಗೆ ವಹಿಸಿದರೆ, ದಿನಕ್ಕೆರಡು ಹೊತ್ತಿನ ಊಟವೇ ಚಿಕಿತ್ಸೆಯಾಗುವುದು. ಇದೆಲ್ಲವೂ ಬೇಗನೆ ಆರಂಭವಾಗಬೇಕಾದರೆ, ವರ್ಷ ತುಂಬದ ಕೂಸು ಒಂದೇ ಕೈಯನ್ನು ಚಾಚುತ್ತ, ಮತ್ತೊಂದನ್ನು ಸದಾ ಮುಷ್ಟಿ ಬಿಗಿದಿಟ್ಟರೆ ಅದನ್ನು ಬರಿಯ ರೂಢಿಯೆಂದು ತಳ್ಳಿಬಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಆದರೂ ಯಾವ ಕೆಲಸವನ್ನು ಯಾವ ಮಗುವಿಗೆ ಎಷ್ಟು ಹೊತ್ತು ಕೊಡಬೇಕೆಂಬುದನ್ನು, ಅದರಲ್ಲಿಯೂ ಒಳ್ಳೆಯ ಕೈಯನ್ನು ತಡೆಯಬೇಕೇ ಬೇಡವೇ ಎಂಬುದನ್ನು, ಬಲ್ಲವರೇ ನಿಶ್ಚಯಿಸಬೇಕು. ಆ ಬಲ್ಲವರು ಊರಿಗೆ ಬರಬೇಕೆಂಬುದೇ ನನ್ನ ಆಗ್ರಹ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿಗಳಲ್ಲಿಯೂ ಶಾಲೆಗಳಲ್ಲಿಯೂ ಮಕ್ಕಳ ತಪಾಸಣೆ ನಡೆಯುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿದೆ. ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಊನವನ್ನು ಕಂಡುಹಿಡಿದು ಅಂಗವಿಕಲರ ಗುರುತಿನ ಕಾರ್ಡು ಕೊಟ್ಟ ಬಳಿಕ ಕೈಗೆ ಕೆಲಸ ಕಲಿಸುವವರು ಯಾರೆಂಬುದೇ ಉಳಿದ ಪ್ರಶ್ನೆ. ಫಿಜಿಯೋಥೆರಪಿ ಬಲ್ಲವರೊಬ್ಬರು ತಿಂಗಳಿಗೊಮ್ಮೆ ಯರಗುಪ್ಪಿಗೆ ಬಂದು ಪ್ರತಿ ಮಗುವಿಗೂ ಅಭ್ಯಾಸವನ್ನು ಗೊತ್ತುಮಾಡಿಕೊಡಲಿ. ನಡುವಣ ವಾರಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಮನೆಗೆ ಹೋಗಿ ಅದನ್ನು ನೋಡಿಕೊಳ್ಳಲಿ. ವಿಕಲಚೇತನರಿಗೆಂದು ಪಂಚಾಯತಿಯು ಮೀಸಲಿಡಬೇಕಾದ ಶೇಕಡಾ 5ರ ಹಣದಿಂದ ಇದರ ವೆಚ್ಚವನ್ನು ಭರಿಸುವಂತೆ ಊರಿನ ಗ್ರಾಮಸಭೆಯು ಠರಾವು ಮಾಡಲಿ.