ಬಾಡಿಗೆ ಮನೆಯ ಗೋಡೆಗೆ ಬಣ್ಣ

ಹೊಸ ಕ್ಯಾಮೆರಾ ಕೊಳ್ಳುವವರ ಲೆಕ್ಕ ಬಾಡಿ, ಲೆನ್ಸು, ಬ್ಯಾಗು, ಮೆಮೊರಿ ಕಾರ್ಡಿಗೇ ಮುಗಿದುಹೋಗುತ್ತದೆ. ರಾ ಫೈಲುಗಳನ್ನು ತಿದ್ದುವ ಸಾಫ್ಟ್‌ವೇರ್ ನೆನಪಾಗುವುದು ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ. ಗೆಳೆಯರು ಅಡೋಬಿಯ ಲೈಟ್‌ರೂಮ್ ಎನ್ನುತ್ತಾರೆ. ತಿಂಗಳ ಚಂದಾ ನೋಡಿದರೆ ಇಬ್ಬರ ಒಂದು ಹೋಟೆಲ್ ಊಟದಷ್ಟೇ ಎನಿಸುತ್ತದೆ.

ತಪ್ಪುವುದು ಇಲ್ಲೇ. ಹವ್ಯಾಸ ಒಂದು ತಿಂಗಳಿನದಲ್ಲ. ಆ ಮೊತ್ತವನ್ನು ಅರವತ್ತರಿಂದ ಗುಣಿಸಿದರೆ ಐದು ವರ್ಷಕ್ಕೆ ಒಂದು ಒಳ್ಳೆಯ ಲೆನ್ಸಿನ ಬೆಲೆಯೇ ಆಗುತ್ತದೆ. ಒಮ್ಮೆ ದುಡ್ಡು ಕೊಟ್ಟು ತಮ್ಮದಾಗಿಸಿಕೊಳ್ಳಬಹುದಾಗಿದ್ದ ಲೈಟ್‌ರೂಮ್‌ಗಳಲ್ಲಿ 2015ರಲ್ಲಿ ಬಂದ ಆರನೆಯ ಆವೃತ್ತಿಯೇ ಕೊನೆಯದು. ಈಗಿರುವುದು ಬಾಡಿಗೆ.

ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದರೆ ಫೋಟೊಗಳು ಕೈತಪ್ಪುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್ ತೆರೆದುಕೊಳ್ಳುತ್ತದೆ, ಚಿತ್ರಗಳನ್ನು ಎಕ್ಸ್‌ಪೋರ್ಟ್ ಮಾಡಲೂ ಬಿಡುತ್ತದೆ. ತಿದ್ದುವ ಡೆವಲಪ್ ವಿಭಾಗ ಮಾತ್ರ ಮುಚ್ಚಿರುತ್ತದೆ. ಮಾಡಿದ ತಿದ್ದುಪಡಿಗಳು ರಾ ಫೈಲಿನ ಚಿತ್ರವನ್ನು ಬದಲಿಸಿರುವುದಿಲ್ಲ, ಸೂಚನೆಗಳಾಗಿ ಕ್ಯಾಟಲಾಗ್‌ನಲ್ಲಿ ಕುಳಿತಿರುತ್ತವೆ. ಬೇರೆ ಸಾಫ್ಟ್‌ವೇರಿಗೆ ಹೋದರೆ ಆ ಸೂಚನೆಗಳು ಅಲ್ಲಿ ಅದೇ ಚಿತ್ರವನ್ನು ಕೊಡುವುದಿಲ್ಲ. ಬಾಡಿಗೆ ಮನೆ ಬಿಡುವಾಗ ಸಾಮಾನು ಜೊತೆಗೆ ಬರುತ್ತದೆ, ಗೋಡೆಗೆ ಬಳಿದ ಬಣ್ಣ ಬರುವುದಿಲ್ಲವಲ್ಲ, ಹಾಗೆ.

ಹಾಗೆಂದು ಬಾಡಿಗೆಯೇ ತಪ್ಪಲ್ಲ. ಮದುವೆ ಫೋಟೊ ತೆಗೆದು ಸಂಪಾದಿಸುವವರಿಗೆ, ವಾರವಾರವೂ ಕೂತು ತಿದ್ದುವವರಿಗೆ ಅದು ದುಡಿದು ತೀರಿಸುವ ಖರ್ಚು. ಆದರೆ ವರ್ಷಕ್ಕೆ ನಾಲ್ಕು ಸಲ, ಮಳೆಗಾಲದ ಘಟ್ಟಕ್ಕೋ ಊರಿನ ಜಾತ್ರೆಗೋ ಕ್ಯಾಮೆರಾ ಹೊರತೆಗೆಯುವವರು ಹನ್ನೆರಡೂ ತಿಂಗಳು ಚಂದಾ ಕಟ್ಟುವುದೇಕೆ?

ಅಂಥವರು ಮೊದಲ ವರ್ಷ ಸಾಫ್ಟ್‌ವೇರಿಗೆ ಒಂದು ರೂಪಾಯಿಯನ್ನೂ ಹಾಕದಿರುವುದು ಲೇಸು. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೊ ಆಯಾ ಕ್ಯಾಮೆರಾ ಉಳ್ಳವರಿಗೆ ಉಚಿತವಾಗಿ ಸಿಗುತ್ತವೆ. ಬೆಳಕು, ಬಣ್ಣ, ಕ್ರಾಪ್‌ಗೆ ಅಷ್ಟು ಸಾಕು. ಇನ್ನೂ ಹೆಚ್ಚು ಬೇಕೆಂದರೆ ಡಾರ್ಕ್‌ಟೇಬಲ್, ರಾಥೆರಪಿ ಇವೆ. ಇವೂ ಉಚಿತವೇ, ಆದರೆ ಕಲಿಯಲು ಹಲವು ಭಾನುವಾರಗಳನ್ನು ಕೊಡಬೇಕು.

ಪುಕ್ಕಟೆ ಎಂಬುದೂ ಶಾಶ್ವತವಲ್ಲ. ನಿಕ್ ಕಲೆಕ್ಷನ್ ಎಂಬ ಫಿಲ್ಟರುಗಳ ಗುಚ್ಛವನ್ನು ಗೂಗಲ್ 2016ರಲ್ಲಿ ಎಲ್ಲರಿಗೂ ಉಚಿತ ಮಾಡಿತು. ಮರುವರ್ಷ ಅದನ್ನು ಡಿಎಕ್ಸ್‌ಒ ಕಂಪನಿಗೆ ಮಾರಿತು. 2018ರ ಹೊಸ ಆವೃತ್ತಿಗೆ ಮತ್ತೆ ಬೆಲೆ ಬಂತು.

ಆದ್ದರಿಂದ ಬಜೆಟ್ಟಿನ ಮೊದಲ ಸಾಲಿನಲ್ಲಿ ಬರಬೇಕಾದದ್ದು ಎರಡು ಹಾರ್ಡ್ ಡಿಸ್ಕ್. ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆಡೆ. ಯಾವ ಸಾಫ್ಟ್‌ವೇರ್ ಆದರೂ ಸರಿ, ವರ್ಷದ ಕೊನೆಗೆ ಮೆಚ್ಚಿನ ಚಿತ್ರಗಳನ್ನು ಪೂರ್ಣ ಅಳತೆಯ ಜೆಪೆಗ್ ಅಥವಾ ಟಿಫ್ ಆಗಿ ತೆಗೆದು, ರಾ ಫೈಲಿನ ಪಕ್ಕದಲ್ಲೇ ಇಡಬೇಕು. ಕಂಪನಿ ಬೆಲೆ ಏರಿಸಬಹುದು, ಮಾರಿಕೊಳ್ಳಬಹುದು, ಬಾಗಿಲನ್ನೇ ಹಾಕಬಹುದು. ಅಜ್ಜಿಯ ಮುಖದ ಮೇಲೆ ಕಿಟಕಿಯ ಬೆಳಕು ಸರಿಯಾಗಿ ಬೀಳುವಂತೆ ಅರ್ಧ ರಾತ್ರಿ ಕೂತು ತಿದ್ದಿದ ಚಿತ್ರ ಆಗಲೂ ತೆರೆದುಕೊಳ್ಳಬೇಕು.