ಎಕ್ಸ್‌ಟೆನ್ಶನ್ ಮಾಡಿದವರು ಯಾರು?

ಕಳೆದ ತಿಂಗಳು ವಿದ್ಯಾರ್ಥಿವೇತನದ ಅರ್ಜಿಗೆ ಅಂಕಪಟ್ಟಿಯ ಪಿಡಿಎಫ್ ಗಾತ್ರ ಕಡಿಮೆ ಮಾಡಬೇಕಿತ್ತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ ಎಕ್ಸ್‌ಟೆನ್ಶನ್ ಅನ್ನು ಬ್ರೌಸರ್‌ಗೆ ಹಾಕಿಕೊಂಡೆ. ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನನ್ನ ಮಾಹಿತಿಯನ್ನು ಓದಲು, ಬದಲಾಯಿಸಲು ಅದು ಅನುಮತಿ ಕೇಳಿತು. ಓದದೆ ಒಪ್ಪಿಕೊಂಡೆ. ಅಬ್ಬಾ ಬ್ಯಾಂಕ್ ವ್ಯವಹಾರ ಮಾಡುವುದೂ ಅದೇ ಬ್ರೌಸರ್‌ನಲ್ಲಿ. "ಇದನ್ನು ಮಾಡಿದವರು ಯಾರು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದದ್ದು ಒಂದು ಅಡ್ಡಹೆಸರು, ಒಂದು ಇಮೇಲ್ ವಿಳಾಸ ಅಷ್ಟೆ.

ಕ್ರೋಮ್ ವೆಬ್ ಸ್ಟೋರ್‌ನಲ್ಲಿ ಡೆವಲಪರ್ ಆಗಿ ನೋಂದಾಯಿಸಲು ಒಂದು ಬಾರಿ 5 ಡಾಲರ್ ಶುಲ್ಕವಿದೆ. ಗುರುತನ್ನು ದೃಢಪಡಿಸಿ, ನಿಯಮ ಪಾಲಿಸಿದವರಿಗೆ 2022ರಿಂದ ಒಂದು ಬ್ಯಾಡ್ಜ್ ಕೂಡ ಕೊಡುತ್ತಾರೆ. ಇದು ಒಳ್ಳೆಯದೇ, ಆದರೆ ಸಾಲದು.

'ದಿ ಗ್ರೇಟ್ ಸಸ್ಪೆಂಡರ್' ಎಂಬ ಎಕ್ಸ್‌ಟೆನ್ಶನ್ ನೋಡಿ. ಬಳಸದ ಟ್ಯಾಬ್‌ಗಳನ್ನು ತಡೆಹಿಡಿದು ಮೆಮೊರಿ ಉಳಿಸುತ್ತಿದ್ದ ಇದನ್ನು 20 ಲಕ್ಷದಷ್ಟು ಜನ ನಂಬಿದ್ದರು. 2020ರಲ್ಲಿ ಮೂಲ ಡೆವಲಪರ್ ಅದನ್ನು ಮಾರಿದರು. ಕೊಂಡವರು ಯಾರೆಂದು ಬಳಕೆದಾರರಿಗೆ ಗೊತ್ತಾಗಲಿಲ್ಲ. 2021ರ ಫೆಬ್ರವರಿಯಲ್ಲಿ ಅದರಲ್ಲಿ ಮಾಲ್‌ವೇರ್ ಇದೆಯೆಂದು ಗೂಗಲ್ ತೆಗೆದುಹಾಕಿತು. ಜನ ನಂಬಿದ್ದು ಒಬ್ಬರನ್ನು, ಕೀಲಿಕೈ ಹೋದದ್ದು ಇನ್ನೊಬ್ಬರ ಕೈಗೆ.

ಹೆಸರು ಗೊತ್ತಿದ್ದರೆ ಮೋಸ ನಿಲ್ಲುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಖಂಡಿತ ಇಲ್ಲ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರು ನಕಲಿ ಇಮೇಲ್ ನಂಬಿದ್ದರಿಂದ, ಆ ಕಂಪನಿಯ ಎಕ್ಸ್‌ಟೆನ್ಶನ್‌ನಲ್ಲೇ ದುಷ್ಟ ಅಪ್‌ಡೇಟ್ ಹೋಯಿತು. ಆದರೆ ಕಂಪನಿ ತಾನೇ ಮುಂದೆ ಬಂದು ಗ್ರಾಹಕರನ್ನು ಎಚ್ಚರಿಸಿತು, ಸರಿಪಡಿಸಿದ ಆವೃತ್ತಿ ಬಿಟ್ಟಿತು. ಗುರುತು ಇದ್ದಲ್ಲಿ ಕೇಳಲು, ಉತ್ತರಿಸಲು ಒಬ್ಬರಿರುತ್ತಾರೆ. ಅಡ್ಡಹೆಸರನ್ನು ಯಾರು ಪ್ರಶ್ನಿಸುತ್ತಾರೆ?

ಎಲ್ಲ ಡೆವಲಪರ್‌ಗಳ ಮನೆ ವಿಳಾಸ ಜಗತ್ತಿಗೆ ಕಾಣಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಂಥ ವಿದ್ಯಾರ್ಥಿಗಳೂ ಎಕ್ಸ್‌ಟೆನ್ಶನ್ ಬರೆಯುತ್ತಾರೆ, ಅವರಿಗೆ ತೊಂದರೆಯಾಗಬಾರದು. ಗುರುತಿನ ದಾಖಲೆ ಸ್ಟೋರ್ ಬಳಿ ಇರಲಿ. ಮಾಲೀಕರು ಬದಲಾದರೆ ಮಾತ್ರ ಎಕ್ಸ್‌ಟೆನ್ಶನ್ ತಾನಾಗಿ ನಿಂತು, ಆ ವಿಷಯ ತಿಳಿಸಿ, ಹೊಸದಾಗಿ ನಮ್ಮ ಅನುಮತಿ ಕೇಳಲಿ. ನನ್ನ ಒತ್ತಾಯ ಇಷ್ಟೇ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಇವತ್ತೇ ನಿಮ್ಮ ಬ್ರೌಸರ್‌ನ ಎಕ್ಸ್‌ಟೆನ್ಶನ್ ಪಟ್ಟಿ ತೆರೆಯಿರಿ. ಮಾಡಿದವರು ಯಾರೆಂದು ಹೇಳಲಾಗದ್ದನ್ನು ತೆಗೆದುಬಿಡಿ. ನಾನು ಮೂರು ತೆಗೆದೆ. ಅಬ್ಬಾ ಪಾಸ್‌ವರ್ಡ್ ಬದಲಿಸಿಕೊಂಡರು.