ವಂಶವೃಕ್ಷದಲ್ಲಿಲ್ಲದ ಹೆಸರುಗಳು

ಈ ಸಂಚಿಕೆಗೆಂದು ಸದಸ್ಯರು ಕಳಿಸಿದ ಹಳೆಯ ಕಾಗದಗಳಲ್ಲಿ ಕೈಬರಹದ ವಂಶವೃಕ್ಷವೊಂದಿತ್ತು. ಏಳು ತಲೆಮಾರು, ಕೊಂಬೆಕೊಂಬೆಗೂ ಹೆಸರು. ಕೊಟ್ಟ ಹೆಣ್ಣುಮಕ್ಕಳ ಹೆಸರು ಮಾತ್ರ ಒಂದೂ ಇಲ್ಲ. ಸ್ತನ ಕ್ಯಾನ್ಸರಿನ ಅಪಾಯ ಯಾರಿಗೆಷ್ಟು ಎಂದು ಅಳೆಯಲು ಬೇಕಾದದ್ದು ಆ ಹೆಸರುಗಳೇ.

ತಾಯಿಗೋ ಅಕ್ಕತಂಗಿಗೋ ಈ ಕಾಯಿಲೆ ಬಂದಿದ್ದರೆ ನಮಗೆ ಬರುವ ಸಂಭವ ಸುಮಾರು ಇಮ್ಮಡಿ. ಅಷ್ಟು ಹಲವರಿಗೆ ಗೊತ್ತು. ಸೋದರತ್ತೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಆರ್‌ಸಿಎ 1, ಬಿಆರ್‌ಸಿಎ 2 ಜೀನುಗಳ ದೋಷ ತಂದೆಯಿಂದಲೂ ಮಗಳಿಗೆ ಇಳಿಯುತ್ತದೆ. ಅದಿದ್ದ ಹೆಂಗಸರಲ್ಲಿ 80ರೊಳಗೆ ಕಾಯಿಲೆ ಬರುವ ಸಂಭವ ನೂರಕ್ಕೆ 70ರ ಆಸುಪಾಸು. ಅಂಥವರಿಗೆ ಚಿಕ್ಕ ವಯಸ್ಸಿನಿಂದಲೇ ಎಂಆರ್‌ಐ, ಮುಂದೆ ಮ್ಯಾಮೊಗ್ರಾಂ ಕೂಡ ಬೇಕಾಗುತ್ತದೆ. ಈ ಅಪಾಯವನ್ನು ಅಳೆಯಲೆಂದು 1989ರಲ್ಲಿ ಬಂದ ಗೇಲ್ ಲೆಕ್ಕಾಚಾರ ಮೈನೆರೆದ ವಯಸ್ಸು, ಚೊಚ್ಚಲ ಹೆರಿಗೆ, ಹಿಂದಿನ ಬಯಾಪ್ಸಿ, ತಾಯಿ, ಸೋದರಿ, ಮಗಳು ಎಲ್ಲವನ್ನೂ ಕೇಳುತ್ತದೆ. ಅತ್ತೆಯನ್ನು ಕೇಳುವುದಿಲ್ಲ. ಮೊದಲಿಗೆ ಅದನ್ನು ಕಟ್ಟಿದ್ದೂ ಅಮೆರಿಕದ ಬಿಳಿಯ ಹೆಂಗಸರ ಅಂಕಿಅಂಶದ ಮೇಲೆ. ಮೊಬೈಲಿನಲ್ಲಿ ಆ ಅಂಕಿ ನೋಡಿಕೊಂಡು ದಯವಿಟ್ಟು ನಿಶ್ಚಿಂತರಾಗಬೇಡಿ.

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆ ನಿಂತ ನಮಗೆ ಊರಿನ ಸಾವಿನ ಸುದ್ದಿ ಫೋನಿನಲ್ಲಿ ಬರುತ್ತದೆ: “ಏನೋ ಗಡ್ಡೆಯಂತೆ, ಹೋಗಿಬಿಟ್ರು.” ಸೂತಕದ ದಿನ ಎಣಿಸುತ್ತೇವೆ, ಎಲ್ಲಿಯ ಗಡ್ಡೆ, ವಯಸ್ಸೆಷ್ಟಿತ್ತು ಎಂದು ಕೇಳುವುದಿಲ್ಲ. ನನ್ನ ಸೋದರತ್ತೆ ತೀರಿಕೊಂಡಾಗ ನಾನೂ ಕೇಳಲಿಲ್ಲ. ಮೊನ್ನೆ ಅವರ ಮಗಳಿಗೆ ಫೋನ್ ಮಾಡಿದೆ. “ಎಂಟು ತಿಂಗಳು ಸೆರಗು ಬಿಗಿಯಾಗಿ ಹೊದ್ದು ಓಡಾಡಿದರು ಅಕ್ಕಾ, ನನಗೂ ತೋರಿಸಲಿಲ್ಲ. ಆಗಿನ್ನೂ 44” ಎಂದಳು.

ಹಾಗೆಂದು ಮನೆತನದಲ್ಲಿ ಇಲ್ಲದವರು ಪಾರಾದರು ಎಂದಲ್ಲ. ಈ ಕಾಯಿಲೆ ಬಂದ ಬಹುಪಾಲು ಹೆಂಗಸರ ತಾಯಿ, ಅಕ್ಕತಂಗಿಯರಿಗೆ ಅದು ಇರಲೇ ಇಲ್ಲ. ನಮ್ಮ ದೇಶದಲ್ಲಿ ಅದು ಪಶ್ಚಿಮಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅದಕ್ಕೇ 30 ದಾಟಿದವರನ್ನು ತರಬೇತಾದವರು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕೆಂದು ಸರ್ಕಾರವೇ ಹೇಳಿದೆ. ಕೈಪರೀಕ್ಷೆ ಎಂದು ಹಗುರವಾಗಿ ಕಾಣಬೇಡಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿತು. ಆ ಗುಂಪಿನ 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು 30ರಷ್ಟು ತಗ್ಗಿತು. ಅದೇ ಟಾಟಾ ಸಂಸ್ಥೆಯ ಹೋಮಿ ಭಾಭಾ ಆಸ್ಪತ್ರೆ ನಮ್ಮ ವಿಶಾಖಪಟ್ಟಣದ ಅಗನಂಪೂಡಿಯಲ್ಲೇ ಇದೆ.

ಸಂಚಿಕೆಯ ಕೊನೆಯ ಪುಟವನ್ನು ಜಾಹೀರಾತಿಗೆ ಕೊಡದೆ ಖಾಲಿ ಬಿಟ್ಟಿದ್ದೇವೆ. ಅಜ್ಜಿ, ಸೋದರತ್ತೆ, ದೊಡ್ಡಮ್ಮ, ಚಿಕ್ಕಮ್ಮಂದಿರ ಹೆಸರು, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಬಂದ ವಯಸ್ಸು, ಇಷ್ಟನ್ನು ಅಲ್ಲಿ ಬರೆಯಿರಿ. ಗಂಡಸರಿಗೂ ಈ ಕಾಯಿಲೆ ಬರುವುದುಂಟು, ಬಂದಿದ್ದರೆ ಅದನ್ನೂ ಸೇರಿಸಿ. ನಮಗೆ ಕಳಿಸುವುದು ಬೇಡ. ಮಗಳು ವೈದ್ಯರ ಬಳಿ ಹೋಗುವಾಗ ಕೈಗೆ ಕೊಡಿ. ನನ್ನ ಪುಟದ ಮೊದಲ ಸಾಲಿನಲ್ಲಿ ಅತ್ತೆಯ ಹೆಸರಿದೆ, ಮುಂದೆ 44 ಎಂದಿದೆ.